ಚೆಂಡನ್ನು ಬಿಟ್ಟು ಪಾಸ್ ನೋಡುವುದು ಹೇಗೆ?

2016ರ ಅಕ್ಟೋಬರ್‌ನಲ್ಲಿ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಕಂಠೀರವ ಸ್ಟೇಡಿಯಂನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿತು. ಆ ರಾತ್ರಿ ನಾನು ಅಲ್ಲಿದ್ದೆ. ನಮ್ಮ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು, ಭಾರತದ ಕ್ಲಬ್ಬೊಂದು ಮೊದಲ ಸಲ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್‌ಗೆ ಹೋಯಿತು, ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಮನೆಗೆ ಬಂದಾಗ ಭಾವ ಕೇಳಿದರು: "ಹೇಗೆ ಆಡಿದ್ರು?" ಗೋಲುಗಳನ್ನು ಬಿಟ್ಟು ಒಂದು ಮಾತೂ ಹೇಳಲು ಬರಲಿಲ್ಲ. ಅಷ್ಟು ಹೊತ್ತೂ ಬರೀ ಚೆಂಡನ್ನೇ ನೋಡಿದ್ದೆ.

ಆಗಿನ ಕೋಚ್ ಆಲ್ಬರ್ಟ್ ರೋಕಾ. ಹಿಂದೆ ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದವರು. ಅಂಥವರ ತಂಡವನ್ನು ನೋಡಿ ಬಂದು ಹೀಗೆ ಬಾಯಿ ಮುಚ್ಚಿಕೊಂಡು ಕೂತೆನಲ್ಲ ಅಂತ ನಾಚಿಕೆಯಾಯಿತು. ಅಲ್ಲಿಂದ ಮ್ಯಾಚ್ ನೋಡುವ ರೀತಿಯನ್ನೇ ಬದಲಿಸಿಕೊಂಡೆ.

ಮೊದಲು ಗೋಲ್ ಕಿಕ್ ನೋಡಿ, ಅಂದರೆ ಎದುರಾಳಿ ಕಡೆಯಿಂದ ಚೆಂಡು ಗೋಲಿನ ಪಕ್ಕದ ಗೆರೆ ದಾಟಿ ಹೊರಹೋದಾಗ ಗೋಲಿನ ಮುಂದಿನಿಂದ ಮತ್ತೆ ಒದ್ದು ಆಟ ಶುರು ಮಾಡುವುದು. ಚೆಂಡು ಪೆನಾಲ್ಟಿ ಬಾಕ್ಸ್ (ಗೋಲಿನ ಮುಂದೆ ಗೆರೆ ಹಾಕಿದ ದೊಡ್ಡ ಚೌಕ) ದಾಟುವ ತನಕ ಯಾರೂ ಮುಟ್ಟುವಂತಿಲ್ಲ ಎಂಬ ನಿಯಮ 2019ರಲ್ಲಿ ಹೋಯಿತು. ಈಗ ಡಿಫೆಂಡರ್‌ಗಳು ಬಾಕ್ಸ್ ಒಳಗೇ ನಿಂತು ಚೆಂಡು ಕೇಳಬಹುದು. ಗೋಲಿ, ಅಂದರೆ ಗೋಲ್ ಕೀಪರ್, ಅವರಿಗೆ ಸಣ್ಣ ಪಾಸ್ ಕೊಟ್ಟರೆ ಒಂದು ಬಗೆಯ ತಂಡ. ಎಲ್ಲರನ್ನೂ ಮುಂದೆ ಕಳಿಸಿ ಉದ್ದಕ್ಕೆ ಒದ್ದರೆ ಇನ್ನೊಂದು ಬಗೆ. ಐದು ನಿಮಿಷದಲ್ಲೇ ಅರ್ಧ ಗುಟ್ಟು ಗೊತ್ತಾಗುತ್ತದೆ.

ಆಮೇಲೆ ಒಂದು ಚೀಟಿ ತೆಗೆದುಕೊಂಡು ಮೂರು ಸಾಲು ಮಾಡಿ: ಮುಂದೆ, ಪಕ್ಕಕ್ಕೆ, ಹಿಂದೆ. ಹತ್ತು ನಿಮಿಷ ಒಂದೇ ತಂಡದ ಪಾಸ್‌ಗಳಿಗೆ ಗೀಟು ಹಾಕುತ್ತಾ ಹೋಗಿ. ಟಿವಿಯಲ್ಲಿ ಬರುವ "ಚೆಂಡು ಶೇಕಡಾ 70ರಷ್ಟು ಇವರ ಬಳಿ" ಎಂಬ ಲೆಕ್ಕಕ್ಕಿಂತ ಈ ಚೀಟಿ ಎಷ್ಟೋ ವಾಸಿ. 2018ರ ವಿಶ್ವಕಪ್‌ನಲ್ಲಿ ಸ್ಪೇನ್ ರಷ್ಯಾ ವಿರುದ್ಧ ಸಾವಿರಕ್ಕೂ ಜಾಸ್ತಿ ಪಾಸ್ ಕೊಟ್ಟಿತು. ಪಂದ್ಯ 1–1, ಪೆನಾಲ್ಟಿಯಲ್ಲಿ ಸೋತು ಸ್ಪೇನ್ ಮನೆಗೆ ಹೋಯಿತು. ಸ್ಪೇನೇ ಗೆಲ್ಲುತ್ತದೆ ಅಂತ ನಾನು ಭಾವನ ಜೊತೆ ಮಸಾಲೆ ದೋಸೆ ಪಂಥ ಕಟ್ಟಿ ಸೋತೆ. ಅವತ್ತು ಚೀಟಿಯ ಮೇಲೆ "ಪಕ್ಕಕ್ಕೆ" ಸಾಲಿನಲ್ಲಿ ಜಾಗವೇ ಉಳಿಯಲಿಲ್ಲ. ರಷ್ಯಾದವರು ತಮ್ಮ ಬಾಕ್ಸ್ ಮುಂದೆ ಗೋಡೆ ಕಟ್ಟಿ ನಿಂತಿದ್ದರು, ಸ್ಪೇನ್ ಆ ಗೋಡೆಯನ್ನು ಸುಮ್ನೆ ಸವರುತ್ತಿತ್ತು.

ಹಾಗಾದರೆ ಗೋಡೆ ಒಡೆಯುವ ಪಾಸ್ ಯಾವುದು? ಇದಕ್ಕೆ ಕೇರಂ ಬೋರ್ಡ್ ತನ್ನಿ. ನಾನು ಅಕ್ಕನ ಮಗನಿಗೆ ಕಲಿಸಿದ್ದು ಹೀಗೇ. ಮೂರು ಬಿಳಿ ಕಾಯಿ ಇಡಿ, ಒಂದನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಕಪ್ಪು ಕಾಯಿ. ಒಂದರಿಂದ ಮೂರಕ್ಕೆ ನೇರ ದಾರಿ ಇಲ್ಲ. ಆದರೆ ಪಕ್ಕದಲ್ಲಿ ಸ್ವಲ್ಪ ಮುಂದೆ ಎರಡನೆಯ ಬಿಳಿ ಇದೆ. ಒಂದು ಎರಡಕ್ಕೆ ಕೊಟ್ಟ ಕೂಡಲೇ ಕಪ್ಪು ಅತ್ತ ವಾಲುತ್ತದೆ. ಎರಡು ಚೆಂಡನ್ನು ನಿಲ್ಲಿಸದೆ ಒಂದೇ ಮುಟ್ಟಿಗೆ ಮೂರಕ್ಕೆ ದಾಟಿಸುತ್ತದೆ. ಮೂರನೆಯವನು ಈಗ ಕಪ್ಪಿನ ಬೆನ್ನ ಹಿಂದೆ ಒಬ್ಬನೇ. ಮೂರನೆಯ ಆಟಗಾರನ ಪಾಸ್ ಅನ್ನುವುದು ಇದಕ್ಕೇ. ಗುವಾರ್ಡಿಯೋಲಾ ಕೋಚ್ ಆಗಿದ್ದ ಕಾಲದ ಬಾರ್ಸಿಲೋನಾ ಇದನ್ನು ನೀರು ಕುಡಿದಷ್ಟು ಸಲೀಸಾಗಿ ಮಾಡುತ್ತಿತ್ತು. ನೀವು ಟಿವಿ ಮುಂದೆ ಕೂತಾಗ ಚೆಂಡು ಎರಡನೆಯವನ ಕಾಲಿಗೆ ಬರುವ ಮುಂಚೆಯೇ ಮೂರನೆಯವನನ್ನು ಹುಡುಕಿ. ಮೊದಲ ಹತ್ತು ಸಲ ತಪ್ಪುತ್ತೀರಿ. ನಾನಂತೂ ಒಂದು ತಿಂಗಳು ತಪ್ಪಿದೆ.

ಉದ್ದ ಪಾಸ್ ಅಂದರೆ ದಡ್ಡರ ಆಟ ಅಂದುಕೊಳ್ಳಬೇಡಿ. 2015–16ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ಋತುವಿನ ಶುರುವಿನಲ್ಲಿ ಅವರ ಮೇಲಿನ ಬಾಜಿ ಒಂದಕ್ಕೆ 5000. ಅವರ ಆಟಗಾರ ಕಾಂಟೆ ಚೆಂಡು ಕಿತ್ತುಕೊಳ್ಳುವುದು, ಜೊತೆಗಾರ ಡ್ರಿಂಕ್‌ವಾಟರ್ ತಲೆ ಎತ್ತಿ ಉದ್ದಕ್ಕೆ ಒದೆಯುವುದು, ಅಷ್ಟರಲ್ಲೇ ವಾರ್ಡಿ ಡಿಫೆಂಡರ್‌ಗಳ ಹಿಂದೆ ಓಡುತ್ತಿರುವುದು. ಮೂರೇ ಹೆಜ್ಜೆ. ವಾರ್ಡಿ ಆ ಲೀಗ್‌ನಲ್ಲಿ 24 ಗೋಲು ಹೊಡೆದರು. ಇಂಥ ತಂಡವನ್ನು ನೋಡುವಾಗ ಚೀಟಿ ಬದಿಗಿಟ್ಟು, ಎದುರು ತಂಡದ ಡಿಫೆಂಡರ್‌ಗಳ ಹಿಂದೆ ಎಷ್ಟು ಜಾಗ ಖಾಲಿಯಿದೆ ಅಂತ ನೋಡಬೇಕು. ಜಾಗವಿಲ್ಲದಿದ್ದರೆ ಉದ್ದ ಪಾಸ್ ನೇರ ಗೋಲಿಯ ಕೈಗೆ.

ಚೆಂಡು ಕಳೆದುಕೊಂಡ ತಂಡದ ಮೇಲೂ ಕಣ್ಣಿಡಿ. ಚೆಂಡು ವಾಪಸ್ ಕಿತ್ತುಕೊಳ್ಳಲು ಅಲ್ಲೇ ಮೇಲೆ ಬೀಳುತ್ತಾರೋ, ತಮ್ಮ ಗೋಲಿನ ಕಡೆ ಹಿಂದೆ ಓಡುತ್ತಾರೋ? ಸಣ್ಣ ಪಾಸ್ ಆಡುವವರು ಹೇಗೂ ಹತ್ತಿರ ಹತ್ತಿರ ನಿಂತಿರುತ್ತಾರೆ, ಆದ್ದರಿಂದ ಸಾಮಾನ್ಯವಾಗಿ ಮೇಲೆ ಬೀಳುತ್ತಾರೆ.

ಟಿವಿಯ ದೊಡ್ಡ ತೊಂದರೆ ಅಂದರೆ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ, ಮೂರನೆಯವನು ಎಷ್ಟೋ ಸಲ ಪರದೆಯಲ್ಲೇ ಇರುವುದಿಲ್ಲ. ಅದಕ್ಕೇ ಒಮ್ಮೆ ಸ್ಟೇಡಿಯಂಗೆ ಹೋಗಿ. ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಡ್ಡ ಇರುವುದರಿಂದ ಮೈದಾನ ದೂರ ಅಂತ ಜನ ಗೊಣಗುತ್ತಾರೆ. ಈ ಕೆಲಸಕ್ಕೆ ದೂರವೇ ಒಳ್ಳೆಯದು. ಮೇಲಿನ ಸಾಲಿನಲ್ಲಿ ಜಾಗ ಹಿಡಿಯಿರಿ, ಕೂಗುವುದನ್ನು ಎರಡನೆಯ ಅರ್ಧಕ್ಕೆ ಇಟ್ಟುಕೊಳ್ಳಿ.