ಹೆಂಡತಿ ಅಮೆರಿಕದಲ್ಲಿ, ಕಾಗದಪತ್ರ ತಿಪಟೂರಿನಲ್ಲಿ: ಸಂಗಾತಿ ವೀಸಾ ಮಾಡಿಸಿಕೊಳ್ಳುವ ಬಗೆ

ನಾನು ತಿಪಟೂರಿನವನು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ಜೊತೆಗೆ ಮನೆಯ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದೆ. ನನ್ನ ಹೆಂಡತಿ ಹುಟ್ಟಿದ್ದು ಹಾಸನದಲ್ಲಿ. ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋದವಳು, ಈಗ ಅಲ್ಲಿನ ಪ್ರಜೆ, ನಾರ್ತ್ ಕೆರೊಲಿನಾದಲ್ಲಿ ಕೆಲಸ. ಮದುವೆಯಾದ ಮೇಲೆ ನಾನೇ ಅವಳಿರುವಲ್ಲಿಗೆ ಹೋಗುವುದು ಅಂತ ಇಬ್ಬರೂ ಕೂತು ತೀರ್ಮಾನಿಸಿದೆವು. ಈಗ ಊರಿನ ಕಡೆಯಿಂದ ಯಾರಾದರೂ ಫೋನ್ ಮಾಡಿ "ನಮ್ಮ ಹುಡುಗಿಗೂ ಇದೇ ಆಗಬೇಕು, ಏನು ಮಾಡೋದು?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಂದು ಮಾತು. ಅಮೆರಿಕದ ಕಚೇರಿಗಳು ತೆಗೆದುಕೊಳ್ಳುವ ಸಮಯವನ್ನು ನೀವು ಕಡಿಮೆ ಮಾಡಲಾಗುವುದಿಲ್ಲ. ದುಡ್ಡು ಕೊಟ್ಟರೆ ಬೇಗ ಮಾಡಿಸುತ್ತೇನೆ ಅನ್ನುವವರನ್ನು ನಂಬಬೇಡಿ. ಆದರೆ ನಮ್ಮ ಕಡೆಯ ಕಾಗದ ಸರಿಯಿಲ್ಲದೆ ಜಾಸ್ತಿಯಾಗುವ ತಿಂಗಳುಗಳಿವೆಯಲ್ಲ, ಅವು ಪೂರ್ತಿ ನಮ್ಮ ಕೈಯಲ್ಲಿವೆ. ಹಾಗಾಗಿ ಕೆಲಸ ಶುರುವಾಗುವುದು ವಾಷಿಂಗ್ಟನ್‌ನಲ್ಲಲ್ಲ, ನಿಮ್ಮ ಪುರಸಭೆ ಮತ್ತು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ.

ನಿಮ್ಮ ದಾರಿ ಯಾವುದು

ಸಂಗಾತಿ ಅಮೆರಿಕದ ಪ್ರಜೆಯಾಗಿದ್ದರೆ ವರ್ಷಕ್ಕೆ ಇಷ್ಟೇ ವೀಸಾ ಅನ್ನುವ ಮಿತಿ ನಿಮಗಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟು ಕಾಲ ಕಾಯಬೇಕು, ಅಷ್ಟೇ. ಸಂಗಾತಿ ಗ್ರೀನ್ ಕಾರ್ಡ್ ಹೊಂದಿದವರಾದರೆ ನಿಮ್ಮದು ಎಫ್2ಎ ವರ್ಗ. ಅದಕ್ಕೆ ಮಿತಿ ಇದೆ. ಪ್ರತಿ ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ನಿಮ್ಮ ಅರ್ಜಿಯ ದಿನಾಂಕದ ಸರದಿ ಬಂತಾ ಅಂತ ನೋಡುತ್ತಿರಬೇಕು. ನಡುವೆ ಸಂಗಾತಿಗೆ ಪೌರತ್ವ ಸಿಕ್ಕರೆ ತಕ್ಷಣ ತಿಳಿಸಿ, ಅರ್ಜಿ ಮೇಲೆ ಹೇಳಿದ ಮಿತಿಯಿಲ್ಲದ ವರ್ಗಕ್ಕೆ ಹೋಗುತ್ತದೆ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರ ಗಂಡ ಅಥವಾ ಹೆಂಡತಿಗೆ ಎಚ್-4 ಅನ್ನುವ ಅವಲಂಬಿತರ ವೀಸಾ. ಅದು ಬೇರೆಯೇ ವಿಷಯ.

ಹೆಸರು ಸರಿ ಮಾಡಿಕೊಳ್ಳಿ

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ದೊಡ್ಡ ತಲೆನೋವು ಇದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಹೆಸರಿನ ಹಿಂದೆ ಒಂದು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಜನನ ಪತ್ರದಲ್ಲಿ ಹೆಸರೇ ಇಲ್ಲ. ಇಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿ ಪ್ರತಿ ಅಕ್ಷರವೂ ಹೊಂದಬೇಕು.

ನನ್ನ ಹಳೇ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಹೆಂಡತಿ ಅದನ್ನು ಮೊದಲೇ ಗಮನಿಸಿದಳು. ಹಾಗೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗುತ್ತದೆ, ಹೆಸರಿನ ಜಾಗದಲ್ಲಿ ಎಫ್ಎನ್‌ಯು ಅಂತ ಬರುತ್ತದೆ. ಹೆಸರು ಗೊತ್ತಿಲ್ಲ ಅಂತ ಅರ್ಥ. ಆಮೇಲೆ ಗ್ರೀನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಎಲ್ಲ ಕಡೆ ಅದೇ ಅಂಟಿಕೊಳ್ಳುತ್ತದೆ. ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ ಸರ್‌ನೇಮ್ ಸೇರಿಸಿಕೊಳ್ಳಿ. ಆಮೇಲೆ ಮದುವೆ ನೋಂದಣಿಯಲ್ಲೂ ಅದೇ ಹೆಸರು ಬರೆಸಿ.

ಜನನ ಪತ್ರದ ವಿಷಯ ಇನ್ನೂ ಸೂಕ್ಷ್ಮ. ಹಳೇ ಪತ್ರಗಳಲ್ಲಿ ಅಪ್ಪ ಅಮ್ಮನ ಹೆಸರಿರುತ್ತದೆ, ಮಗುವಿನ ಹೆಸರಿನ ಜಾಗ ಖಾಲಿ. ಹುಟ್ಟು ನೋಂದಾಯಿಸುವ ಹೊತ್ತಿಗೆ ನಾಮಕರಣವೇ ಆಗಿರುತ್ತಿರಲಿಲ್ಲವಲ್ಲ! ಹುಟ್ಟು ದಾಖಲಾದ ಪುರಸಭೆಗೆ ಅಥವಾ ಪಂಚಾಯ್ತಿಗೆ ಹೋಗಿ ಹೆಸರು ಸೇರಿಸಲು ಅರ್ಜಿ ಕೊಡಿ. ಹುಟ್ಟು ದಾಖಲೇ ಆಗಿಲ್ಲ ಅಂದರೆ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಬರೆಸಿಕೊಳ್ಳಿ. ಅದರ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲೆಯ ಟಿಸಿ, ಅಪ್ಪ ಅಮ್ಮ ಅಥವಾ ಹತ್ತಿರದ ಹಿರಿಯರ ಪ್ರಮಾಣಪತ್ರ ಇಡಿ. ತುಂಬಾ ವರ್ಷ ಕಳೆದ ಮೇಲೆ ನೋಂದಣಿಯಾದ ಜನನ ಪತ್ರವಿದ್ದರೂ ಅಂಕಪಟ್ಟಿ ಜೊತೆಗಿರಲಿ. ಸೋದರಮಾವನೋ ಅಜ್ಜಿಯೋ ನಿಮ್ಮ ಹುಟ್ಟು ನೆನಪಿರುವವರಾಗಿದ್ದರೆ ಅವರು ಗಟ್ಟಿಯಾಗಿರುವಾಗಲೇ ಸಹಿ ಹಾಕಿಸಿಕೊಳ್ಳಿ.

ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದಿಸಿದವರು ತಮಗೆ ಎರಡೂ ಭಾಷೆ ಚೆನ್ನಾಗಿ ಬರುತ್ತದೆ, ಅನುವಾದ ಸರಿಯಾಗಿದೆ ಅಂತ ಬರೆದು ಸಹಿ ಮಾಡಿರಬೇಕು.

ಮದುವೆ ನೋಂದಣಿ

ಛತ್ರದ ರಸೀದಿ, ಲಗ್ನಪತ್ರಿಕೆ, ದೇವಸ್ಥಾನದವರು ಕೊಟ್ಟ ಚೀಟಿ, ಇವು ಯಾವುವೂ ಮದುವೆ ಪ್ರಮಾಣಪತ್ರ ಅಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರವೇ ಬೇಕು. ಹಿಂದೂ ವಿವಾಹ ಕಾಯ್ದೆಯಡಿ ಆದ ಮದುವೆಗೆ ಈಗ ರಾಜ್ಯದ ನೋಂದಣಿ ಇಲಾಖೆಯ ಸೈಟಾದ ಕಾವೇರಿ 2.0ರಲ್ಲೂ ಅರ್ಜಿ ಹಾಕಬಹುದು. ಹೊರದೇಶದ ಸಂಗಾತಿ ರಜೆ ಹಾಕಿ ಮದುವೆಗೆ ಬಂದಿರುತ್ತಾರೆ. ಬೀಗರೂಟ, ನೆಂಟರ ಮನೆ ಅಂತ ರಜೆ ಕಳೆದುಬಿಡುತ್ತದೆ. ನೋಂದಣಿಯ ದಿನವನ್ನು ಮದುವೆ ದಿನ ಗೊತ್ತುಮಾಡುವಾಗಲೇ ಗೊತ್ತುಮಾಡಿಕೊಳ್ಳಿ, ಸಾಕ್ಷಿಗಳಿಗೂ ಹೇಳಿಡಿ.

ಅರ್ಜಿ, ಆಮೇಲೆ ಮೌನ

ಅರ್ಜಿ ಹಾಕುವುದು ಅಮೆರಿಕದಲ್ಲಿರುವವರು. ಫಾರಂ ಐ-130. ಅದರ ಜೊತೆಗೆ ನಿಮ್ಮ ವಿವರದ ಐ-130ಎ. 2024ರ ಏಪ್ರಿಲ್‌ನಲ್ಲಿ ಬದಲಾದ ದರದಂತೆ ಆನ್‌ಲೈನ್‌ನಲ್ಲಿ ಹಾಕಿದರೆ 625 ಡಾಲರ್, ಕಾಗದದಲ್ಲಿ 675. ಆನ್‌ಲೈನೇ ಒಳ್ಳೆಯದು, ರಸೀದಿ ಬೇಗ ಸಿಗುತ್ತದೆ, ಬೇಕಾದಾಗ ಕಾಗದ ಸೇರಿಸಬಹುದು. ಹಣ ಕಟ್ಟುವ ಮೊದಲು ಇವತ್ತಿನ ದರವನ್ನು ಅಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಸೈಟಿನಲ್ಲೇ ನೋಡಿಕೊಳ್ಳಿ. ಫಾರಂ ಉಚಿತ. ಫಾರಂಗೆ ದುಡ್ಡು ಕೇಳುವ ಸೈಟು ಸರ್ಕಾರದ್ದಲ್ಲ.

ಮದುವೆ ನಿಜವಾದದ್ದು ಅಂತ ತೋರಿಸುವ ಸಾಕ್ಷಿಯನ್ನು ಧಾರಾಳವಾಗಿ ಹಾಕಿ. ಮಂಟಪದ ಫೋಟೊ ನೂರಿರುತ್ತವೆ. ಅದಕ್ಕಿಂತ ಬೇರೆ ಬೇರೆ ಕಾಲದ, ಬೇರೆ ಬೇರೆ ಜಾಗದ, ಎರಡೂ ಮನೆಯವರಿರುವ ಫೋಟೊ ಮುಖ್ಯ. ವಿಮಾನದ ಟಿಕೆಟ್, ಪಾಸ್‌ಪೋರ್ಟಿನ ಮೊಹರು, ವಾಟ್ಸಾಪ್ ಕರೆಗಳ ಪಟ್ಟಿ, ಒಬ್ಬರಿಗೊಬ್ಬರು ಕಳಿಸಿದ ಹಣ, ವಿಮೆಯಲ್ಲಿ ನಾಮಿನಿ ಮಾಡಿದ ಕಾಗದ, ಎಲ್ಲ ಸೇರಲಿ. ಮನೆಯವರು ನೋಡಿ ಮಾಡಿದ ಮದುವೆಯಾಗಿದ್ದರೆ ಮುಚ್ಚಿಡುವುದೇನೂ ಇಲ್ಲ. ಯಾರ ಮೂಲಕ ಸಂಬಂಧ ಬಂತು, ಮೊದಲು ಎಲ್ಲಿ ಮಾತಾಡಿದಿರಿ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಇಲ್ಲಿಂದ ಮುಂದೆ ಬಹಳ ಕಾಲ ಏನೂ ಸುದ್ದಿ ಇರುವುದಿಲ್ಲ. ಒಂದು ವರ್ಷ ದಾಟುವುದು ಮಾಮೂಲು. ಯುಎಸ್‌ಸಿಐಎಸ್ ಸೈಟಿನಲ್ಲಿ ಸದ್ಯಕ್ಕೆ ಎಷ್ಟು ಕಾಲ ಹಿಡಿಯುತ್ತಿದೆ ಅಂತ ನೋಡಬಹುದು. ಆ ಅವಧಿ ಮೀರಿದ ಮೇಲಷ್ಟೇ ವಿಚಾರಿಸಲು ಅವಕಾಶ. ತೀರಾ ತಡವಾದರೆ ಸಂಗಾತಿ ತಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಬರೆಯಬಹುದು, ಅವರು ಕಡತ ಎಲ್ಲಿದೆ ಅಂತ ಕೇಳಿ ತಿಳಿಸುತ್ತಾರೆ.

ಕಾಯುವಾಗ

ಈ ಕಾಲ ನಿಜವಾಗಿಯೂ ಕಷ್ಟ. ಹೊಸದಾಗಿ ಮದುವೆಯಾದವರು ಬೇರೆ ಬೇರೆ ಖಂಡದಲ್ಲಿ ಇರುವುದು ಸುಲಭವಲ್ಲ. ಸಿಕ್ಕವರೆಲ್ಲ "ಇನ್ನೂ ಆಗ್ಲಿಲ್ವಾ?" ಅಂತ ಕೇಳುತ್ತಾರೆ. ಅಮ್ಮ ಒಂದು ಉತ್ತರ ಇಟ್ಟುಕೊಂಡಿದ್ದರು: "ಆಗತ್ತೆ, ಆದಾಗ ನಾವೇ ಹೇಳ್ತೀವಿ." ನಿಮ್ಮ ಮನೆಯಲ್ಲೂ ಅಂಥದ್ದೊಂದು ಉತ್ತರ ಇರಲಿ.

ಬೇಸಿಗೆಯಲ್ಲಿ ನಮ್ಮಿಬ್ಬರ ನಡುವೆ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಅವಳ ರಾತ್ರಿ ಊಟದ ಹೊತ್ತು ನನಗೆ ಬೆಳಗಿನ ಕಾಫಿ. ಆ ಹೊತ್ತನ್ನು ಬೇರೆ ಯಾರಿಗೂ ಕೊಡಲಿಲ್ಲ. ಕಡತದ ಮಾತನ್ನು ಭಾನುವಾರಕ್ಕೆ ಮಾತ್ರ ಇಟ್ಟುಕೊಂಡೆವು. ದಿನವೂ ಅದೇ ಮಾತಾಡಿದರೆ ಮದುವೆಯೇ ಒಂದು ಅರ್ಜಿಯಾಗಿಬಿಡುತ್ತದೆ. ಅವಳ ಬಳಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದದ್ದರಿಂದ ರಜೆ ಸಿಕ್ಕಾಗ ಊರಿಗೆ ಬರುವುದು ಸುಲಭವಾಯಿತು. ನಾನು ವಿಸಿಟರ್ ವೀಸಾಕ್ಕೆ ಯತ್ನಿಸಲಿಲ್ಲ. ಅರ್ಜಿ ನಡೆಯುತ್ತಿರುವಾಗ ಆ ವೀಸಾಕ್ಕೆ ನಿಷೇಧವೇನಿಲ್ಲ, ಆದರೆ ವಾಪಸು ಬರುತ್ತೇನೆ ಅಂತ ಅಧಿಕಾರಿಯನ್ನು ನಂಬಿಸುವುದು ಕಷ್ಟ. ಸಾಧ್ಯವಾದರೆ ಅವರೇ ಇಲ್ಲಿಗೆ ಬರಲಿ.

ಕೆಲಸ ಬಿಡಬೇಡಿ. ಇಂಟರ್‌ವ್ಯೂ ಮುಗಿದು ವೀಸಾ ಕೈಗೆ ಬರುವ ತನಕ ರಾಜೀನಾಮೆಯೂ ಬೇಡ, ವಿಮಾನದ ಟಿಕೆಟೂ ಬೇಡ. ಕಾರು ಓಡಿಸಲು ಚೆನ್ನಾಗಿ ಕಲಿಯಿರಿ, ಅಮೆರಿಕದಲ್ಲಿ ನಾವಿರುವಂಥ ಊರುಗಳಲ್ಲಿ ಕಾರಿಲ್ಲದೆ ಹಾಲು ತರುವುದೂ ಆಗುವುದಿಲ್ಲ.

ತೋಟ ಜಮೀನು ಇರುವವರು ಈ ಭಾಗವನ್ನು ಗಮನವಿಟ್ಟು ಓದಿ. ಹೊರದೇಶದಲ್ಲಿ ನೆಲೆಸಿದ ಮೇಲೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮದಂತೆ ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದನ್ನು, ಹಿರಿಯರಿಂದ ಬಂದದ್ದನ್ನು ಉಳಿಸಿಕೊಳ್ಳಬಹುದು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಪವತಿ ಖಾತೆ ಈಗಲೇ ಮಾಡಿಸಿ. ಅಣ್ಣ ತಮ್ಮಂದಿರ ನಡುವೆ ಭಾಗ ಆಗಬೇಕಿದ್ದರೆ ಅದನ್ನೂ ಈಗಲೇ ಮುಗಿಸಿ. ತೋಟ ನೋಡಿಕೊಳ್ಳುವವರಿಗೆ ಅಧಿಕಾರಪತ್ರ ಕೊಡುವುದಾದರೆ ಹೊರಡುವ ಮೊದಲೇ ಸಬ್ ರಿಜಿಸ್ಟ್ರಾರ್ ಮುಂದೆ ಮಾಡಿಸಿ, ಯಾವ ಕೆಲಸಕ್ಕೆ ಅಂತ ಸ್ಪಷ್ಟವಾಗಿ ಬರೆಸಿ. ಅಮೆರಿಕದಿಂದ ಮಾಡಿಸಿ ಕಳಿಸುವುದು ನಾಲ್ಕು ಪಟ್ಟು ಓಡಾಟ. ನಾನು ನನ್ನ ತಮ್ಮನಿಗೆ ತೋಟದ ನಿರ್ವಹಣೆಗೆ ಮಾತ್ರ ಕೊಟ್ಟೆ, ಮಾರುವ ಅಧಿಕಾರ ಸೇರಿಸಲಿಲ್ಲ. "ನಂಗೂ ಅದೇ ಸರಿ ಅಣ್ಣ" ಅಂದ. ಹೋದ ಮೇಲೆ ಉಳಿತಾಯ ಖಾತೆಯನ್ನು ಅನಿವಾಸಿಗಳ ಖಾತೆ, ಅಂದರೆ ಎನ್ಆರ್‌ಒ ಮಾಡಿಸಬೇಕಾಗುತ್ತದೆ. ಇಲ್ಲಿನ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದಾದರೂ ದಿನ 10,000 ಡಾಲರ್ ದಾಟಿದರೆ ಅಲ್ಲಿನ ಸರ್ಕಾರಕ್ಕೆ ವಿದೇಶಿ ಖಾತೆಗಳ ಎಫ್‌ಬಿಎಆರ್ ವಿವರ ಸಲ್ಲಿಸಬೇಕು ಅನ್ನುವುದೂ ನೆನಪಿರಲಿ.

ಎನ್‌ವಿಸಿ

ಐ-130 ಒಪ್ಪಿಗೆಯಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಮುಂಬೈಗೆ ಹೋಗುವ ಕಡತವಾದರೆ ಬಿಎಂಬಿ ಅಕ್ಷರಗಳಿಂದ ಶುರುವಾಗುವ ನಂಬರ್ ಬರುತ್ತದೆ. ಎರಡು ಶುಲ್ಕ: ವೀಸಾ ಅರ್ಜಿಗೆ 325 ಡಾಲರ್, ಆರ್ಥಿಕ ಬೆಂಬಲದ ಪತ್ರಕ್ಕೆ 120. ಆಮೇಲೆ ನೀವು ವೀಸಾ ಅರ್ಜಿಯಾದ ಡಿಎಸ್-260 ತುಂಬುತ್ತೀರಿ, ಸಂಗಾತಿ ಆರ್ಥಿಕ ಬೆಂಬಲದ ಪತ್ರವಾದ ಐ-864 ತುಂಬುತ್ತಾರೆ.

ಐ-864 ಸುಮ್ನೆ ಸಹಿ ಹಾಕುವ ಕಾಗದವಲ್ಲ. ನಿಮ್ಮನ್ನು ನೋಡಿಕೊಳ್ಳುವ ಹೊಣೆ ನನ್ನದು ಅಂತ ಅಲ್ಲಿನ ಸರ್ಕಾರಕ್ಕೆ ಬರೆದುಕೊಡುವ ಕಾನೂನಿನ ಮಾತು. ಬಡತನ ರೇಖೆಯ 125 ಪ್ರತಿಶತದಷ್ಟು ಆದಾಯ ತೋರಿಸಬೇಕು. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ವರ್ಷಕ್ಕೆ ಸುಮಾರು 26,400 ಡಾಲರ್. ಪ್ರತಿ ವರ್ಷ ಇದು ಬದಲಾಗುತ್ತದೆ. ಸಾಲದಿದ್ದರೆ ಅಲ್ಲಿರುವ ಇನ್ನೊಬ್ಬ ಪ್ರಜೆ ಅಥವಾ ಗ್ರೀನ್ ಕಾರ್ಡ್‌ದಾರರು ಜಂಟಿಯಾಗಿ ಹೊಣೆ ಹೊರಬಹುದು. ತೆರಿಗೆ ವಿವರದ ಅಧಿಕೃತ ಪ್ರತಿಯನ್ನು (ಟ್ರಾನ್ಸ್‌ಕ್ರಿಪ್ಟ್) ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನಿಂದಲೇ ತೆಗೆಸಿ.

ಪೊಲೀಸ್ ಕ್ಲಿಯರೆನ್ಸ್ ಅಂದರೆ ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ. ಠಾಣೆಯ ಪತ್ರ ನಡೆಯುವುದಿಲ್ಲ. ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ 500 ರೂಪಾಯಿ ಕಟ್ಟಿ ದಿನ ತೆಗೆದುಕೊಳ್ಳಿ. ಈಗ ಇರುವ ವಿಳಾಸ ಪಾಸ್‌ಪೋರ್ಟಿನ ವಿಳಾಸಕ್ಕಿಂತ ಬೇರೆಯಾಗಿದ್ದರೆ ವಿಳಾಸದ ದಾಖಲೆ ಕೈಯಲ್ಲಿರಲಿ. ಗಲ್ಫ್‌ನಲ್ಲೋ ಬೇರೆಲ್ಲೋ ವರ್ಷಗಟ್ಟಲೆ ಇದ್ದವರು ಆ ದೇಶದ ಪತ್ರವನ್ನೂ ತರಿಸಬೇಕು. ಅದಕ್ಕೆ ಕಾಲ ಹಿಡಿಯುತ್ತದೆ, ಬೇಗ ಶುರುಮಾಡಿ.

ಎಲ್ಲ ಕಾಗದ ಸರಿಯಿದೆ ಅಂತ ಮೇಲ್ ಬಂದ ಮೇಲೆ ಇಂಟರ್‌ವ್ಯೂ ದಿನಕ್ಕೆ ಇನ್ನೊಂದು ಕಾಯುವಿಕೆ.

ಮುಂಬೈ

ನನ್ನ ಇಂಟರ್‌ವ್ಯೂ ಇದ್ದದ್ದು ಮುಂಬೈನ ಅಮೆರಿಕ ಕಾನ್ಸುಲೇಟ್‌ನಲ್ಲಿ. ಅದಕ್ಕೂ ಮೊದಲು ವೈದ್ಯಕೀಯ ಪರೀಕ್ಷೆ. ಕಾನ್ಸುಲೇಟ್ ಪಟ್ಟಿಯಲ್ಲಿರುವ ವೈದ್ಯರು ಮಾತ್ರ ಮಾಡಬೇಕು, ನಿಮ್ಮ ಮನೆ ಡಾಕ್ಟರ ಪತ್ರ ನಡೆಯದು. ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಲಸಿಕೆ. ಹಿಂದೆ ಹಾಕಿಸಿಕೊಂಡ ಲಸಿಕೆಯ ಚೀಟಿ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಅಲ್ಲೇ ಮತ್ತೆ ಹಾಕುತ್ತಾರೆ. ಹಿಂದೆ ಟಿಬಿ ಆಗಿದ್ದವರು ಹಳೇ ಎಕ್ಸ್‌ರೇ, ಚಿಕಿತ್ಸೆ ಮುಗಿಸಿದ ಕಾಗದ ಎಲ್ಲ ಜೊತೆಗಿಡಿ.

ಇಂಟರ್‌ವ್ಯೂಗೆ ಮೊದಲೇ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಡಬೇಕು. ನಾನು ಅರಸೀಕೆರೆಯಲ್ಲಿ ದಾದರ್ ಕಡೆಯ ರೈಲು ಹತ್ತಿದೆ. ಪರೀಕ್ಷೆಯ ವರದಿ ಬರುವ ತನಕ ಸಮಯ ಬೇಕು, ಒಂದು ವಾರಕ್ಕಾಗುವಷ್ಟು ಬಟ್ಟೆ, ದುಡ್ಡು ಇರಲಿ. ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಅಪ್‌ಲೋಡ್ ಮಾಡಿದ ಪ್ರತಿ ಕಾಗದದ ಮೂಲ ಪ್ರತಿ ಒಯ್ಯಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲ.

ನನ್ನನ್ನು ಕೇಳಿದ್ದು ಸರಳ ಪ್ರಶ್ನೆಗಳು. ಹೆಂಡತಿ ಏನು ಕೆಲಸ ಮಾಡುತ್ತಾಳೆ, ಮದುವೆಗೆ ಅವಳ ಕಡೆಯಿಂದ ಯಾರು ಬಂದಿದ್ದರು, ಕೊನೆಯ ಸಲ ಭೇಟಿಯಾದದ್ದು ಯಾವಾಗ. ಉರು ಹೊಡೆಯಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಏನಾದರೂ ಕಾಗದ ಕಡಿಮೆ ಇದ್ದರೆ 221ಜಿ ಚೀಟಿ ಕೊಡುತ್ತಾರೆ. ಅದು ನೋಡಿ ಹೆದರಿ ಊರಿಗೆ ಫೋನ್ ಮಾಡಿ ಎಲ್ಲರನ್ನೂ ಗಾಬರಿಪಡಿಸಬೇಡಿ. ಚೀಟಿಯಲ್ಲಿ ಕೇಳಿದ್ದನ್ನು ಕೇಳಿದ ರೀತಿಯಲ್ಲೇ ಕೊಟ್ಟರೆ ಕಡತ ಮುಂದೆ ಹೋಗುತ್ತದೆ.

ವೀಸಾ ಬಂದ ಮೇಲೆ

ವೀಸಾದ ಅವಧಿ ಸಾಮಾನ್ಯವಾಗಿ ಆರು ತಿಂಗಳೊಳಗೆ, ವೈದ್ಯಕೀಯ ಪರೀಕ್ಷೆಯ ಅವಧಿಗೆ ಹೊಂದಿಕೊಂಡಿರುತ್ತದೆ. ಅಷ್ಟರಲ್ಲಿ ಹೊರಡಬೇಕು. ಹೊರಡುವ ಮೊದಲು ಯುಎಸ್‌ಸಿಐಎಸ್‌ಗೆ 235 ಡಾಲರ್ ಇಮಿಗ್ರಂಟ್ ಶುಲ್ಕ ಕಟ್ಟಿ, ಅದು ಕಟ್ಟದೆ ಕಾರ್ಡ್ ಅಚ್ಚಾಗುವುದಿಲ್ಲ. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಬರುವ ತನಕ ಮೊಹರು ಬಿದ್ದ ವೀಸಾವೇ ಒಂದು ವರ್ಷ ಗ್ರೀನ್ ಕಾರ್ಡಿನ ಜಾಗದಲ್ಲಿ ನಡೆಯುತ್ತದೆ, ಅದರ ಮೇಲೆಯೇ ಕೆಲಸಕ್ಕೂ ಸೇರಬಹುದು. ಡಿಎಸ್-260ರಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು ಅಂತ ಗುರುತು ಹಾಕಿದ್ದರೆ ಅದೂ ಅಂಚೆಯಲ್ಲೇ ಬರುತ್ತದೆ. ಮನೆ ಬದಲಿಸಿದರೆ 10 ದಿನದೊಳಗೆ ಯುಎಸ್‌ಸಿಐಎಸ್‌ಗೆ ಹೊಸ ವಿಳಾಸ ತಿಳಿಸಿ.

ಅಮೆರಿಕಕ್ಕೆ ಕಾಲಿಡುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿದ್ದರೆ ಹತ್ತು ವರ್ಷದ ಕಾರ್ಡ್. ತುಂಬಿಲ್ಲದಿದ್ದರೆ ಎರಡು ವರ್ಷದ ಷರತ್ತಿನ ಕಾರ್ಡ್. ಅಂಥವರು ಕಾರ್ಡಿನ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಇಬ್ಬರೂ ಸೇರಿ ಷರತ್ತು ತೆಗೆಸುವ ಅರ್ಜಿಯಾದ ಐ-751 ಹಾಕಬೇಕು. ಆಗಲೂ ಜೊತೆಯಾಗಿ ಬದುಕುತ್ತಿರುವುದಕ್ಕೆ ಸಾಕ್ಷಿ ಕೇಳುತ್ತಾರೆ. ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಕಾರಿನ ವಿಮೆ, ಜಂಟಿ ತೆರಿಗೆ ವಿವರ, ಎಲ್ಲದರಲ್ಲೂ ಇಬ್ಬರ ಹೆಸರಿರಲಿ. ಮೊದಲ ತಿಂಗಳಿಂದಲೇ ಪ್ರತಿಯೊಂದರ ಒಂದು ಪ್ರತಿ ತೆಗೆದು ಒಂದೇ ಫೈಲಿಗೆ ಹಾಕುತ್ತಾ ಬನ್ನಿ.