ಗ್ಲೆಂಡಲಾಕ್‌ಗೆ ಹೋಗೋರಿಗೆ ಒಂದು ಮಾತು

ಐರ್ಲೆಂಡ್‌ನ ಡಬ್ಲಿನ್‌ಗೆ ಬಂದವರು ಒಂದು ದಿನ ಬಿಡುವು ಮಾಡ್ಕೊಂಡು ವಿಕ್ಲೋ ಬೆಟ್ಟಗಳ ನಡುವಿನ ಗ್ಲೆಂಡಲಾಕ್ ನೋಡಿ ಬನ್ನಿ. 6ನೇ ಶತಮಾನದಲ್ಲಿ ಸಂತ ಕೆವಿನ್ ಸ್ಥಾಪಿಸಿದ ಮಠದ ಜಾಗ ಅದು. ಅಲ್ಲಿನ ದುಂಡು ಗೋಪುರ ಸುಮಾರು 30 ಮೀಟರ್ ಎತ್ತರ. ಬಾಗಿಲು ಮಾತ್ರ ನೆಲದಿಂದ ಸುಮಾರು 3.5 ಮೀಟರ್ ಮೇಲೆ! ಏಣಿ ಇಲ್ಲದೆ ಹತ್ತೋ ಹಾಗೇ ಇಲ್ಲ.

ಸುಮಾರು ಜನ ಗೋಪುರದ ಮುಂದೆ ಫೋಟೋ ತೆಗೆಸ್ಕೊಂಡು ವಾಪಸ್ ಹೊರಡ್ತಾರೆ. ಹಾಗೆ ಮಾಡ್ಬೇಡಿ. ಕೆಳಗಿನ ಕೆರೆ ದಾಟಿ ಮೇಲಿನ ಕೆರೆವರೆಗೆ ನಡೀರಿ, ದಾರಿ ಹೆಚ್ಚುಕಮ್ಮಿ ಸಮತಟ್ಟು, ಅಜ್ಜಿ-ತಾತಂದಿರೂ ಆರಾಮಾಗಿ ಬರಬಹುದು. ಮಂಡಿ ಗಟ್ಟಿ ಇದ್ದವರು ಸ್ಪಿಂಕ್ ಗುಡ್ಡ ಹತ್ತಿ. ಮರದ ಹಲಗೆ ದಾರಿಯಿಂದ ಕಣಿವೆ ಪೂರ್ತಿ ಕಾಣುತ್ತೆ.

ಬೇಸಿಗೆಯ ಭಾನುವಾರ ಪಾರ್ಕಿಂಗ್ ಬೇಗ ತುಂಬುತ್ತೆ, ಬೆಳಿಗ್ಗೆ ಹತ್ತರೊಳಗೆ ತಲುಪಿ. ಕೊಡೆ ಬೇಡ, ಗಾಳಿಗೆ ಮಗುಚಿಕೊಳ್ಳುತ್ತೆ. ರೇನ್‌ಕೋಟ್, ಜೊತೆಗೊಂದು ಡಬ್ಬಿ ಚಿತ್ರಾನ್ನ ಇರಲಿ.