ಬಲಗಡೆ ಖಾಲಿ ಇದ್ದ ನೋಟ್‌ಬುಕ್

ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಎಡಗಡೆ ಹೆಸರು, ಬಲಗಡೆ ತಾರೀಕು. ನಮ್ಮ ಚರ್ಚಿನ ಸಭೆಯಲ್ಲಿ ಯಾರು ತಮಗಾಗಿ ಪ್ರಾರ್ಥಿಸಿ ಅಂತ ಕೇಳಿದರೂ ಹೆಸರು ಬರೆದುಕೊಳ್ಳುತ್ತಿದ್ದೆ. ಅವರಿಗಾಗಿ ಪ್ರಾರ್ಥಿಸಿದ ದಿನ ಎದುರುಗಡೆ ತಾರೀಕು ಹಾಕುತ್ತಿದ್ದೆ. ಐದು ವರ್ಷ ಹೀಗೇ ನಡೆಯಿತು. ಆಮೇಲೆ ಹೆಸರುಗಳು ಮಾತ್ರ ತುಂಬುತ್ತಾ ಹೋದವು. ಬಲಗಡೆ ಖಾಲಿ.

ನಂಬಿಕೆಯಲ್ಲಿ ಹಿಂಜಾರಿದವನು ಅಂದ ಕೂಡಲೇ ಜನ ಸಭೆ ಬಿಟ್ಟು ಹೋದವರನ್ನು ನೆನೆಸಿಕೊಳ್ಳುತ್ತಾರೆ. ನಾನು ಎಲ್ಲಿಗೂ ಹೋಗಿರಲಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಿದ್ದೆ. ಬುಧವಾರದ ಪ್ರಾರ್ಥನಾ ಕೂಟ ನಡೆಸುತ್ತಿದ್ದೆ. ಯುವಕರಿಗೆ ಸತ್ಯವೇದದ ಪಾಠ ಹೇಳುತ್ತಿದ್ದೆ. ಪಾಠಕ್ಕೋಸ್ಕರ ವಾಕ್ಯ ಓದುತ್ತಿದ್ದೆನೇ ಹೊರತು ನನಗೋಸ್ಕರ ಓದುವುದು ಯಾವಾಗ ನಿಂತಿತೋ ಗೊತ್ತೇ ಆಗಲಿಲ್ಲ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಶಿಷ್ಯ ಪೇತ್ರ ದೂರದಿಂದ ಹಿಂದೆ ಹೋದ ಅಂತ ಲೂಕ 22:54 ಹೇಳುತ್ತದೆ. ಹಿಂದೆ ಹೋಗುತ್ತಲೇ ಇದ್ದ, ಆದರೆ ದೂರದಿಂದ. ಆ ಮಾತಿನ ಮೇಲೆ ನಾನೇ ಎರಡು ಸಲ ಪಾಠ ಮಾಡಿದ್ದೆ, ನೋಡಿ.

ಕೆಲಸದಲ್ಲಿ ಒತ್ತಡ ಜಾಸ್ತಿಯಾಗಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಇಸ್ಪೀಟಾಡುವುದು ಶುರುವಾಯಿತು. ಮೊದಲು ಸುಮ್ನೆ ಹೊತ್ತು ಕಳೆಯೋಕೆ. ಆಮೇಲೆ ಕಳೆದದ್ದನ್ನು ವಾಪಸ್ ತರೋಕೆ. ಸಂಬಳ ಸಾಲದೆ ಹೋದಾಗ ಸಭೆಯವರ ಹತ್ತಿರವೇ ಕೈಚಾಚಿದೆ. ಒಬ್ಬರಿಗೆ ಮನೆಯಲ್ಲಿ ಹುಷಾರಿಲ್ಲ ಅಂದೆ. ಇನ್ನೊಬ್ಬರಿಗೆ ಸಂಬಳ ತಡವಾಗಿದೆ ಅಂದೆ. ಒಟ್ಟು ಏಳು ಜನ ಕೊಟ್ಟರು. ಪ್ರಾರ್ಥನಾ ಕೂಟ ನಡೆಸುವ ಮನುಷ್ಯನಿಗೆ ಯಾರು ಇಲ್ಲ ಅಂತಾರೆ?

ಆ ದಿನಗಳಲ್ಲೇ ಸಭೆಯ ಒಬ್ಬ ಅಕ್ಕನ ಮಗನಿಗೆ ಕಾಯಿಲೆ ಜೋರಾಯಿತು. ಪ್ರತಿ ವಾರ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು.

"ಬ್ರದರ್, ಮಗನ ಹೆಸರು ಬರ್ಕೊಂಡಿದ್ದೀರಾ?"

"ಬರ್ಕೊಂಡಿದ್ದೀನಿ ಅಕ್ಕ. ದಿನಾ ಪ್ರಾರ್ಥಿಸ್ತಾ ಇದ್ದೀನಿ."

ಬರೆದುಕೊಂಡಿದ್ದು ನಿಜ. ಒಂದು ದಿನವೂ ಪ್ರಾರ್ಥಿಸಿರಲಿಲ್ಲ.

ಮೂರು ತಿಂಗಳಾದ ಮೇಲೆ ಹುಡುಗ ಚೇತರಿಸಿಕೊಂಡ. ಆ ಭಾನುವಾರ ಅಕ್ಕ ಸಾಕ್ಷಿ ಹೇಳಲು, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳಲು, ಎದ್ದರು. ನನ್ನ ಕಡೆ ಕೈ ತೋರಿಸಿ, "ಈ ಬ್ರದರ್ ಒಂದು ದಿನಾನೂ ಬಿಡದೆ ನನ್ನ ಮಗನಿಗೋಸ್ಕರ ಮೊಣಕಾಲೂರಿದ್ದಾರೆ" ಅಂದರು. ಸಭೆಯೆಲ್ಲ "ಸ್ತೋತ್ರ" ಅಂತು. ನಾನೂ ತಲೆ ಬಗ್ಗಿಸಿ "ಸ್ತೋತ್ರ" ಅಂದೆ. ತಲೆ ಬಗ್ಗಿಸಿದ್ದು ಎಲ್ಲರಿಗೂ ದೀನತೆಯ ಹಾಗೆ ಕಂಡಿರಬೇಕು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಹದಿನಾಲ್ಕು ತಿಂಗಳು.

ಮೊದಮೊದಲು ಹಗುರ ಅನ್ನಿಸಿತ್ತು ಅಂತ ಒಪ್ಪಿಕೊಳ್ಳಬೇಕು. ನಾಟಕ ಆಡುವ ಕೆಲಸ ಇರಲಿಲ್ಲವಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಮೊಬೈಲ್‌ನಲ್ಲಿ ಇಬ್ರಿಯರಿಗೆ ಬರೆದ ಪತ್ರದ 6ನೆಯ ಅಧ್ಯಾಯ ತೆಗೆಯುತ್ತಿದ್ದೆ. ಒಮ್ಮೆ ಬೆಳಕು ಕಂಡು, ಪರಲೋಕದ ವರವನ್ನು ರುಚಿ ನೋಡಿ, ಆಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಆಗದ ಮಾತು ಅಂತ ಅಲ್ಲಿದೆ. 4ರಿಂದ 6ನೆಯ ವಚನದವರೆಗೆ ಓದಿ ಮೊಬೈಲ್ ಮುಚ್ಚುತ್ತಿದ್ದೆ. ನನ್ನ ಕಥೆ ಮುಗಿಯಿತು ಅಂದುಕೊಳ್ಳುತ್ತಿದ್ದೆ. ಮುಗಿದ ಮೇಲೆ ಇನ್ನೇನು ಅಂತ ಮತ್ತೆ ಆಟಕ್ಕೆ ಕೂರುತ್ತಿದ್ದೆ. ಈ ಲೆಕ್ಕಾಚಾರ ಎಷ್ಟು ಅನುಕೂಲವಾಗಿತ್ತು ಅಂತ ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಆ ವಚನಗಳು ಯಾರ ಬಗ್ಗೆ ಅನ್ನುವುದರಲ್ಲಿ ಸಭೆಗಳ ನಡುವೆ ಹಿಂದಿನಿಂದಲೂ ಒಮ್ಮತವಿಲ್ಲ. ಅದನ್ನು ಬಗೆಹರಿಸುವಷ್ಟು ಓದು ನನಗಿಲ್ಲ. ಆದರೆ ತುಂಬ ದಿನ ಆದ ಮೇಲೆ ನಮ್ಮ ಪಾಸ್ಟರ್ ಅದೇ ಅಧ್ಯಾಯದ 9ನೆಯ ವಚನದ ಮೇಲೆ ಬೆರಳಿಟ್ಟರು. ಪ್ರಿಯರೇ, ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಅಂತ ಪತ್ರ ಬರೆದವನು ಹೇಳುತ್ತಾನೆ. ಅಷ್ಟು ರಾತ್ರಿ ಓದಿದ್ದರೂ ಮೂರು ಸಾಲು ಕೆಳಗೆ ನಾನು ಇಳಿದೇ ಇರಲಿಲ್ಲ.

ಆ ಹದಿನಾಲ್ಕು ತಿಂಗಳಲ್ಲಿ ಮೊದಲು ತುಂಬಾ ಜನ ಮೆಸೇಜ್ ಕಳಿಸಿದರು. ಹೆಚ್ಚಿನವು ವಚನಗಳು. ಮೊದಲಿನ ಪ್ರೀತಿಯನ್ನು ಬಿಟ್ಟಿದ್ದೀ ಅನ್ನುವ ಪ್ರಕಟನೆ 2:4 ನನಗೆ ನಾಲ್ಕು ಜನರಿಂದ ಬಂತು. ಆಮೇಲೆ ಒಂದೊಂದಾಗಿ ನಿಂತವು. ಸಭೆಯ ಹಿರಿಯರಲ್ಲಿ ಒಬ್ಬರು, ನಾವೆಲ್ಲ ಅಣ್ಣ ಅಂತೀವಿ, ಅವರು ಮಾತ್ರ ಬಿಡಲಿಲ್ಲ. ಪ್ರತಿ ಶನಿವಾರ ಸಂಜೆ ಒಂದೇ ಸಾಲು: "ನಾಳೆ ನನ್ನ ಪಕ್ಕದ ಕುರ್ಚಿ ನಿನಗೆ ಇಟ್ಟಿರ್ತೀನಿ." ವಚನ ಇಲ್ಲ, ಬುದ್ಧಿಮಾತು ಇಲ್ಲ. ನಾನು ಒಂದಕ್ಕೂ ಉತ್ತರ ಕೊಡಲಿಲ್ಲ.

ನಾನು ವಾಪಸ್ ಬಂದ ರೀತಿ ಸಾಕ್ಷಿ ಹೇಳುವಷ್ಟು ಚೆನ್ನಾಗಿಲ್ಲ. ಒಂದು ರಾತ್ರಿ ಕೈಯಲ್ಲಿದ್ದದ್ದೆಲ್ಲ ಹೋಯಿತು. ಸಾಲ ಕೇಳಲು ಯಾರೂ ಉಳಿದಿರಲಿಲ್ಲ, ಅಣ್ಣ ಒಬ್ಬರನ್ನು ಬಿಟ್ಟು. ಫೋನ್ ಮಾಡಿದೆ. ಪಶ್ಚಾತ್ತಾಪ ಪಡೋಕೆ ಅಂತ ಅಲ್ಲ, ದುಡ್ಡು ಕೇಳೋಕೆ. "ಅಣ್ಣ, ಮನೇಲಿ ಹುಷಾರಿಲ್ಲ" ಅಂತ ಹಳೇ ಸುಳ್ಳನ್ನೇ ಶುರುಮಾಡಿದೆ.

"ಹೌದಾ? ಎಷ್ಟು ಬೇಕು ಹೇಳಪ್ಪ" ಅಂದರು.

ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಲಿಲ್ಲ. ಯಾವಾಗ ಕೊಡ್ತೀಯ ಅಂತಲೂ ಕೇಳಲಿಲ್ಲ. ನನ್ನ ಬಾಯಿ ಒಣಗಿತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ, "ಅಣ್ಣ, ಈಗ ಹೇಳಿದ್ದು ಸುಳ್ಳು" ಅಂದೆ.

"ಸರಿ. ಮುಂದೆ ಹೇಳು."

ಒಂದು ಗಂಟೆಯ ಮೇಲೆ ಹೇಳಿದೆ. ಆಟ, ಏಳು ಜನರ ಸಾಲ, ನೋಟ್‌ಬುಕ್, ಆ ಅಕ್ಕನ ಮಗ. ಮಧ್ಯೆ ಅವರು ಬರೀ "ಹೂಂ" ಅನ್ನುತ್ತಿದ್ದರು. ಕೊನೆಗೆ ಒಂದು ಸಣ್ಣ ಪ್ರಾರ್ಥನೆ ಮಾಡಿ, ಬೆಳಿಗ್ಗೆ ಏಳಕ್ಕೆ ಬರ್ತೀನಿ ಅಂತ ಫೋನ್ ಇಟ್ಟರು. ಬಂದರು ಕೂಡ.

ಬಿದ್ದವರಿಗೆ ಎಲ್ಲರೂ ಕೀರ್ತನೆ 51 ಓದಿಸುತ್ತಾರೆ, ರಾಜ ದಾವೀದ ಪಾಪ ಒಪ್ಪಿಕೊಂಡು ಬೇಡುವ ಕೀರ್ತನೆ. ಅಣ್ಣ ಮೊದಲು 32 ಓದಿಸಿದರು. ಪಾಪವನ್ನು ಬಾಯಿ ಬಿಟ್ಟು ಹೇಳದೆ ಇದ್ದಾಗ ದಿನವೆಲ್ಲ ನರಳಿ ಎಲುಬುಗಳೇ ಸವೆದುಹೋದವು ಅಂತ ದಾವೀದ ಅಲ್ಲಿ ಹೇಳಿಕೊಳ್ಳುತ್ತಾನೆ. "ಎಷ್ಟು ದಿನ ಮುಚ್ಚಿಟ್ಟಿದ್ದ ಗೊತ್ತಾ?" ಅಂತ ಕೇಳಿದರು. ನಾನು ಲೆಕ್ಕ ಹಾಕಿರಲೇ ಇಲ್ಲ. 2 ಸಮುವೇಲ 11ರಲ್ಲಿ ದಾವೀದ ಕೂಡಿದ ಪರರ ಹೆಂಡತಿ ಬತ್ಷೆಬೆ ಗರ್ಭಿಣಿಯಾಗುತ್ತಾಳೆ. ಆ ಅಧ್ಯಾಯದ ಕೊನೆಗೆ ಮಗು ಹುಟ್ಟಿರುತ್ತದೆ. 12ರಲ್ಲಿ ಪ್ರವಾದಿ ನಾತಾನ ಆ ಪಾಪವನ್ನು ತೋರಿಸಿಕೊಡಲು ಬರುತ್ತಾನೆ. ಅಂದರೆ ಕಡಿಮೆ ಅಂದರೂ ಒಂಬತ್ತು ತಿಂಗಳು ದಾವೀದ ಸಿಂಹಾಸನದ ಮೇಲೆ ಕೂತು ರಾಜ್ಯಭಾರ ನಡೆಸಿದ್ದ, ಬಡವನ ಕುರಿಮರಿ ಕಸಿದ ಶ್ರೀಮಂತನ ಕಥೆಯನ್ನು ನಾತಾನನಿಂದ ಕೇಳಿ ಬೇರೆಯವನಿಗೆ ತೀರ್ಪನ್ನೂ ಕೊಟ್ಟ. "ನೀನು ಆ ಒಂಬತ್ತು ತಿಂಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಕಣಪ್ಪ" ಅಂದರು ಅಣ್ಣ. ನನಗೆ ಈ ಮಾತು ಇಳಿಯಲು ವಾರಗಳೇ ಬೇಕಾದವು. ಆಟವೇ ನನ್ನನ್ನು ದೇವರಿಂದ ದೂರ ಮಾಡಿತು ಅಂತ ನಂಬಿಕೊಂಡಿದ್ದೆ. ಆದರೆ ಆಡಿದ ಮಾರನೆಯ ದಿನವೇ ಒಬ್ಬರ ಹತ್ತಿರ ಹೇಳಿದ್ದರೆ ಅದು ಒಂದು ದಿನದ ಪಾಪವಾಗಿ ಮುಗಿಯುತ್ತಿತ್ತು. ಮುಚ್ಚಿಟ್ಟಿದ್ದಕ್ಕೆ ಅದು ವರ್ಷಗಟ್ಟಲೆ ಬೆಳೆಯಿತು.

ಹೆಂಡತಿಗೆ ಹೇಳಿದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಮಾತುಗಳು ಅವಳವು. ಅಂದಿನಿಂದ ನನ್ನ ಸಂಬಳ ಅವಳ ಕೈಗೆ ಹೋಗುತ್ತದೆ, ಮೊಬೈಲ್‌ನ ಪಾಸ್‌ವರ್ಡ್ ಅವಳಿಗೆ ಗೊತ್ತು. ಇಷ್ಟು ಸಾಕು.

ಏಳು ಜನರ ಮನೆಗೂ ಹೋದೆ. ಫೋನಿನಲ್ಲಿ ಮುಗಿಸಬಾರದು ಅಂತ ಅಣ್ಣ ಖಡಾಖಂಡಿತ ಹೇಳಿದ್ದರು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ವಿಷಯ ನಾವು ಮಕ್ಕಳ ಕಥೆ ಮಾಡಿಬಿಟ್ಟಿದ್ದೇವೆ. ಮರ ಹತ್ತಿದ ಕುಳ್ಳ ಅಂತ. ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಅಂತ ಅವನು ಲೂಕ 19:8ರಲ್ಲಿ ಹೇಳುತ್ತಾನೆ. ನನಗೆ ಒಂದರಷ್ಟು ಕೊಡಲೇ ಎರಡು ವರ್ಷ ಹಿಡಿಯಿತು. ದುಡ್ಡಿಗಿಂತ ಕಷ್ಟದ್ದು, "ನಿಮಗೆ ಹೇಳಿದ ಕಾರಣ ಸುಳ್ಳಾಗಿತ್ತು" ಅಂತ ಮುಖ ನೋಡಿ ಹೇಳುವುದು. ಒಬ್ಬರು ಅತ್ತುಬಿಟ್ಟರು. ಇಬ್ಬರು ನಕ್ಕು ಬೆನ್ನು ತಟ್ಟಿದರು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, ದುಡ್ಡು ಬ್ಯಾಂಕಿಗೆ ಹಾಕು, ಇನ್ನು ಮನೆಗೆ ಬರಬೇಡ ಅಂದರು. ಇವತ್ತಿಗೂ ಮಾತಾಡಿಸುವುದಿಲ್ಲ. ದೇವರು ಕ್ಷಮಿಸಿದ ಮೇಲೆ ಇವರಿಗೇನು ಅಂತ ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿಗೂ ಕ್ಷಮೆ ಕೇಳಬೇಕಾಯಿತು.

ಪಾಸ್ಟರ್ ನನ್ನನ್ನು ಸಭೆಗೆ ಸೇರಿಸಿಕೊಂಡರು, ಆದರೆ ಒಂದು ವರ್ಷ ಯಾವ ಸೇವೆಯೂ ಬೇಡ ಅಂದರು. ಪಾಠ ಇಲ್ಲ, ಕೂಟ ನಡೆಸುವಂತಿಲ್ಲ. ಬಂದು ಕೂತ್ಕೋ, ಅಷ್ಟೇ. ನನಗೆ ಅವಮಾನವಾಯಿತು. 1 ಯೋಹಾನ 1:9ರ ಪ್ರಕಾರ ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ, ಮತ್ತೆ ಈ ವರ್ಷದ ಲೆಕ್ಕ ಯಾಕೆ ಅಂತ ವಾದ ಮಾಡಿದೆ. ಅವರು ನಗುತ್ತಾ ಹಳೇ ಸಭೆಯ ಚರಿತ್ರೆ ಹೇಳಿದರು. ಕ್ರಿ.ಶ. 325ರಲ್ಲಿ ನಿಕೇಯ ಅನ್ನುವ ಊರಿನಲ್ಲಿ ಬಿಷಪರೆಲ್ಲ ಸೇರಿದಾಗ, ಚಕ್ರವರ್ತಿ ಲಿಕಿನಿಯನ ಕಾಲದಲ್ಲಿ ಒತ್ತಾಯವೇ ಇಲ್ಲದೆ ನಂಬಿಕೆ ಬಿಟ್ಟವರ ವಿಷಯ ಬಂತಂತೆ. ಅವರು ಮೂರು ವರ್ಷ ವಾಕ್ಯ ಕೇಳುವವರ ಜೊತೆ ಇರಬೇಕು, ಏಳು ವರ್ಷ ಅಡ್ಡಬಿದ್ದು ಬೇಡುವವರ ಜೊತೆ, ಇನ್ನೆರಡು ವರ್ಷ ಪ್ರಾರ್ಥನೆಯಲ್ಲಿ ಸೇರಿದರೂ ಕರ್ತನ ಮೇಜಿನಿಂದ, ಅಂದರೆ ರೊಟ್ಟಿ ದ್ರಾಕ್ಷಾರಸದ ಪವಿತ್ರ ಭೋಜನದಿಂದ, ದೂರ. ಒಟ್ಟು ಹನ್ನೆರಡು ವರ್ಷ! ಆದರೆ ಸಾಯುವ ಸ್ಥಿತಿಯಲ್ಲಿ ಇರುವವರು ಕೇಳಿಕೊಂಡರೆ ಕರ್ತನ ಭೋಜನ ಇಲ್ಲ ಅನ್ನಬಾರದು ಅಂತಲೂ ಅಲ್ಲೇ ಬರೆದರು. "ನಿನಗೆ ಕರ್ತನ ಮೇಜು ಈ ವಾರದಿಂದಲೇ ಇದೆ. ಮೈಕ್ ಮಾತ್ರ ಇಲ್ಲ" ಅಂದರು ಪಾಸ್ಟರ್. ಮೈಕ್ ಇಲ್ಲದ್ದಕ್ಕೇ ನನಗೆ ಅಷ್ಟು ನೋವಾಗಿತ್ತು ಅಂತ ಆಗ ಅರ್ಥವಾಯಿತು.

ಗಲಾತ್ಯ 6:1ರ ಬಗ್ಗೆಯೂ ಅವರೇ ಹೇಳಿಕೊಟ್ಟರು. ತಪ್ಪಿನಲ್ಲಿ ಸಿಕ್ಕಿಕೊಂಡವನನ್ನು ಶಾಂತಭಾವದಿಂದ ಸರಿಮಾಡಿರಿ ಅಂತ ಅಪೊಸ್ತಲ ಪೌಲ ಬರೆಯುವಾಗ ಬಳಸುವ ಗ್ರೀಕ್ ಮಾತು, ಮಾರ್ಕ 1:19ರಲ್ಲಿ ಯಾಕೋಬ ಮತ್ತು ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು ಅನ್ನುವಲ್ಲಿ ಬರುವ ಮಾತೇ. ಹರಿದ ಬಲೆಯನ್ನು ಯಾರೂ ಒಂದೇ ಏಟಿಗೆ ಹೊಲಿಯುವುದಿಲ್ಲ. ಒಂದೊಂದೇ ಕಣ್ಣು ಹುಡುಕಿ ಗಂಟು ಹಾಕಬೇಕು.

ವಾಪಸ್ ಬಂದ ನಾಲ್ಕನೆಯ ತಿಂಗಳಲ್ಲಿ ಮತ್ತೆ ಆಡಿದೆ. ಇದನ್ನು ಬಿಟ್ಟು ಬರೆದರೆ ಈ ಅನುಭವವೆಲ್ಲ ಸುಳ್ಳಾಗುತ್ತದೆ. ಕಚೇರಿಯ ಬೇರೆ ಫೋನ್, ಮಧ್ಯಾಹ್ನದ ಹೊತ್ತು, ಇಪ್ಪತ್ತು ನಿಮಿಷ. ಮುಗಿದ ಮೇಲೆ ಹಳೇ ಯೋಚನೆಗಳು ಸಾಲಾಗಿ ಬಂದು ನಿಂತವು. ನಾಳೆ ಹೇಳೋಣ. ಭಾನುವಾರ ಆದ ಮೇಲೆ ಹೇಳೋಣ. ಇಷ್ಟು ಸಣ್ಣದಕ್ಕೆ ಅವರ ಮನಸ್ಸು ಯಾಕೆ ನೋಯಿಸಬೇಕು? ಗಡಿಯಾರ ನೋಡಿದೆ. ಅಣ್ಣನಿಗೆ ಫೋನ್ ಮಾಡುವಷ್ಟರಲ್ಲಿ ನಲವತ್ತು ನಿಮಿಷವಾಗಿತ್ತು. "ಹದಿನಾಲ್ಕು ತಿಂಗಳಿಂದ ನಲವತ್ತು ನಿಮಿಷಕ್ಕೆ ಬಂದಿದ್ದೀಯ" ಅಂದರು. "ಈಗ ಮನೆಗೆ ಹೋಗಿ ಅವಳಿಗೂ ಹೇಳು."

ಮತ್ತೆ ಪ್ರಾರ್ಥಿಸಲು ಕಲಿತದ್ದು ತುಂಬಾ ನಿಧಾನ. ಸಭೆಯ ಮುಂದೆ ಹದಿನೈದು ನಿಮಿಷ ನಿರರ್ಗಳವಾಗಿ ಪ್ರಾರ್ಥಿಸುತ್ತಿದ್ದವನಿಗೆ ಒಬ್ಬನೇ ಕೂತರೆ ಎರಡು ಮಾತು ಹೊರಡುತ್ತಿರಲಿಲ್ಲ. ಕೀರ್ತನೆ 51ನ್ನೇ ದಿನಾ ಗಟ್ಟಿಯಾಗಿ ಓದಿದೆ, ಬೇರೆಯವರ ಮಾತು ಕಡ ತಂದ ಹಾಗೆ. ರಕ್ಷಣೆಯ ಆನಂದವನ್ನು ನನಗೆ ತಿರುಗಿ ಕೊಡು ಅಂತ 12ನೆಯ ವಚನದಲ್ಲಿ ದಾವೀದ ಬೇಡುತ್ತಾನೆ. ಆನಂದ ಬರಲು ನನಗೆ ಏಳೆಂಟು ತಿಂಗಳೇ ಆಯಿತು. ಅಲ್ಲಿಯವರೆಗೆ ಬರೀ ಓದು.

ಪೇತ್ರನ ಕಥೆ ಆಗ ಬೇರೆ ತರಹ ಕಾಣಿಸಿತು. ಯೋಹಾನ 18:18ರಲ್ಲಿ ಜನ ಚಳಿಗೆ ಇದ್ದಲ ಬೆಂಕಿ ಮಾಡಿರುತ್ತಾರೆ. ಅದರ ಹತ್ತಿರ ನಿಂತೇ ಅವನು ಯೇಸುವಿನ ಶಿಷ್ಯ ನಾನಲ್ಲ ಅಂದದ್ದು. 21:9ರಲ್ಲಿ ಎದ್ದುಬಂದ ಯೇಸುವೇ ದಡದಲ್ಲಿ ಇದ್ದಲ ಬೆಂಕಿ ಮಾಡಿ ಕಾಯುತ್ತಾನೆ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದೇ ಈ ಎರಡು ಕಡೆ. ಮೂರು ಸಲ ಅಲ್ಲಗಳೆದವನಿಗೆ ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಪ್ರಶ್ನೆ. ಮೂರನೆಯ ಸಲಕ್ಕೆ ಪೇತ್ರ ನೊಂದುಕೊಂಡ ಅಂತಲೂ ಬರೆದಿದೆ. ಅಂದರೆ ಆ ಗಾಯವನ್ನು ಯೇಸು ಮುಟ್ಟದೆ ಬಿಡಲಿಲ್ಲ.

ಅದಕ್ಕೇ ನಾನು ಆ ಅಕ್ಕನ ಹತ್ತಿರ ಹೋಗಲೇಬೇಕಾಗಿತ್ತು. ಸಾಲ ಕೊಟ್ಟ ಏಳು ಜನರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ ನಿಜ. ಅಣ್ಣನೂ ಜೊತೆಗೆ ಬಂದರು. "ಅಕ್ಕ, ನಿಮ್ಮ ಮಗನಿಗೋಸ್ಕರ ನಾನು ಒಂದು ದಿನವೂ ಪ್ರಾರ್ಥಿಸಿರಲಿಲ್ಲ" ಅಂದೆ. ಅವರು ತುಂಬಾ ಹೊತ್ತು ನೆಲ ನೋಡುತ್ತಾ ಕೂತರು. "ಆಯ್ತು ಬ್ರದರ್" ಅಂತ ಎದ್ದು ಒಳಗೆ ಹೋದರು. ಆಮೇಲೆ ಹಲವು ವಾರ ಸಭೆಯಲ್ಲಿ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಕುರ್ಚಿ ಎತ್ತಿಡುತ್ತಿದ್ದೆ. ಅದಕ್ಕೆ ಮಾತ್ರ ಪಾಸ್ಟರ್ ಬೇಡ ಅಂದಿರಲಿಲ್ಲ. ಅಕ್ಕ ಬಂದು ಮಡಿಸಿದ ಚೀಟಿಯೊಂದನ್ನು ಕೈಗಿಟ್ಟರು. ಅದರಲ್ಲಿ ಅವರ ತಂಗಿಯ ಹೆಸರಿತ್ತು. "ಆಪರೇಷನ್ ಇದೆ" ಅಂದರು. ನೋಟ್‌ಬುಕ್ ಮನೆಯಲ್ಲಿತ್ತು. "ಅಕ್ಕ, ಒಂದು ನಿಮಿಷ ಇರ್ತೀರಾ? ಈಗಲೇ ಮಾಡೋಣ" ಅಂದೆ. ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು, ಇಬ್ಬರೂ ಅಲ್ಲೇ ನಿಂತು ಪ್ರಾರ್ಥಿಸಿದೆವು.